ಒಂದು ಬಾಟಲಿ, ನಾಲ್ಕು ಔಷಧ: ಶೀತದ ಸಿರಪ್ ಕಗ್ಗಂಟಾದ ಬಗೆ

ನೆಗಡಿಯಂಥ ರೋಗವಿಲ್ಲ, ಬುಗುಡಿಯಂಥ ಒಡವೆಯಿಲ್ಲ ಎಂದು ಗಾದೆ ಕಟ್ಟಿದವರು ನೆಗಡಿಯನ್ನು ಹಗುರವಾಗಿ ಕಂಡವರಲ್ಲ. ಮೂಗು ಕಟ್ಟಿ, ಕಣ್ಣು ಉರಿದು, ರಾತ್ರಿಯೆಲ್ಲ ಕೆಮ್ಮುವ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತವರಿಗೆ ಒಂದು ಚಮಚ ಸಿರಪ್ಪಿನ ಆಸೆ ಎಷ್ಟು ದೊಡ್ಡದು ಎಂಬುದು ಗೊತ್ತು. ಆ ಸಿರಪ್ಪಿನ ಬಗ್ಗೆ ಕೆಲವು ವರ್ಷಗಳಿಂದ ಬರುತ್ತಿರುವ ಸುದ್ದಿಗಳು ಮಾತ್ರ ಒಂದರ ಮೇಲೊಂದು ಬಿದ್ದು ತಲೆ ಕೆಡಿಸುವಂತಿವೆ. ಸಿರಪ್ ಕುಡಿದು ಮಕ್ಕಳು ಸತ್ತರು ಎನ್ನುತ್ತದೆ ಒಂದು ಸುದ್ದಿ. ನಾಲ್ಕು ವರ್ಷದೊಳಗಿನವರಿಗೆ ಕೊಡಲೇಬೇಡಿ ಎನ್ನುತ್ತದೆ ಇನ್ನೊಂದು. ಅದರಲ್ಲಿರುವ ಮೂಗಿನ ಔಷಧ ಕೆಲಸವನ್ನೇ ಮಾಡುವುದಿಲ್ಲ ಎನ್ನುತ್ತದೆ ಮತ್ತೊಂದು.

ಮೂರೂ ನಿಜ. ಆದರೆ ಮೂರೂ ಬೇರೆ ಬೇರೆ ವಿಷಯಗಳು. ಅವನ್ನು ಬಿಡಿಸಿ ನೋಡದೆ ಇದ್ದರೆ ಹೆದರಬೇಕಾದಲ್ಲಿ ಹೆದರದೆ, ಹೆದರಬೇಕಿಲ್ಲದ ಕಡೆ ಹೆದರುತ್ತೇವೆ.

ವಿಚಿತ್ರವೆಂದರೆ ಎರಡು ಎಳೆಗಳು ಒಂದೇ ವರ್ಷ ಶುರುವಾದವು. 1937ರಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ಡೇನಿಯಲ್ ಬೋವೆ ಮತ್ತು ಆನ್-ಮರಿ ಸ್ಟೌಬ್ ದೇಹದಲ್ಲಿನ ಹಿಸ್ಟಮಿನ್ ಎಂಬ ರಾಸಾಯನಿಕವನ್ನು ತಡೆಯುವ ಮೊದಲ ವಸ್ತುವನ್ನು ಗುರುತಿಸಿದರು. ಅಲರ್ಜಿಯ ಸೀನು, ತುರಿಕೆಗಳಿಗೆ ನಾವಿಂದು ಬಳಸುವ ಔಷಧಗಳ ಮೂಲ ಅದು. ಅದೇ ವರ್ಷ ಅಮೆರಿಕದಲ್ಲಿ ಸಲ್ಫಾನಿಲಮೈಡ್ ಎಂಬ ಔಷಧವನ್ನು ಕುಡಿಯುವಂತೆ ಮಾಡಲು ಡೈಇಥಿಲೀನ್ ಗ್ಲೈಕಾಲ್ ಎಂಬ ದ್ರವದಲ್ಲಿ ಕರಗಿಸಿ ಮಾರಿದರು. ಆ ದ್ರವ ಮೂತ್ರಪಿಂಡವನ್ನು ಕೊಲ್ಲುತ್ತದೆ. ನೂರಕ್ಕೂ ಹೆಚ್ಚು ಮಂದಿ ಸತ್ತರು, ಅವರಲ್ಲಿ ಮಕ್ಕಳು ಅನೇಕ. ಮಾರುವ ಮೊದಲು ಔಷಧ ಸುರಕ್ಷಿತವೆಂದು ತೋರಿಸಬೇಕು ಎಂಬ ಕಾನೂನು ಅಲ್ಲಿ ಬಂದದ್ದು ಮರುವರ್ಷ, 1938ರಲ್ಲಿ.

ಈ ವಿಷದ ಕಥೆ ಅಲ್ಲಿಗೆ ಮುಗಿಯಬೇಕಿತ್ತು, ಮುಗಿಯಲಿಲ್ಲ. 1996ರಲ್ಲಿ ಹೈಟಿ, 2006ರಲ್ಲಿ ಪನಾಮಾ, 2022ರಲ್ಲಿ ಗ್ಯಾಂಬಿಯಾ, ಇಂಡೊನೇಷ್ಯಾ ಮತ್ತು ಉಜ್ಬೇಕಿಸ್ತಾನ, 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾ. ಸಿರಪ್ಪಿನಲ್ಲಿ ಔಷಧವನ್ನು ಹಿಡಿದಿಡುವ ಗ್ಲಿಸರಿನ್, ಪ್ರೊಪಿಲೀನ್ ಗ್ಲೈಕಾಲ್‌ನಂಥ ದ್ರವಗಳ ಜಾಗಕ್ಕೆ ಅಗ್ಗದ ಕೈಗಾರಿಕಾ ದ್ರವ ಬರುತ್ತದೆ, ಅಥವಾ ಅದು ಬೆರೆತ ಸರಕು ಪರೀಕ್ಷೆಯಿಲ್ಲದೆ ತೊಟ್ಟಿಗೆ ಇಳಿಯುತ್ತದೆ. ಪ್ರತಿ ಬ್ಯಾಚಿನ ಸರಕನ್ನೂ ಪರೀಕ್ಷಿಸಿದರೆ ಸಿಕ್ಕಿಬೀಳುವ ವಿಷವಿದು. ಮನೆಯಲ್ಲಿ ಕೂತವರು ಇದನ್ನು ಕಣ್ಣಿನಿಂದಲೋ ರುಚಿಯಿಂದಲೋ ಕಂಡುಹಿಡಿಯಲು ಸಾಧ್ಯವೇ ಇಲ್ಲ. ಸಿಹಿಯಾಗಿಯೇ ಇರುತ್ತದೆ. ಸಿರಪ್ ಕೊಟ್ಟ ಮೇಲೆ ಮಗು ವಾಂತಿ ಮಾಡಿ, ಮೂತ್ರ ಕಡಿಮೆಯಾದರೆ ಅಥವಾ ನಿಂತರೆ ತಡಮಾಡದೆ ಬಾಟಲಿಯ ಸಮೇತ ಆಸ್ಪತ್ರೆಗೆ ಹೋಗಬೇಕು. ನಮ್ಮ ಕೈಯಲ್ಲಿರುವುದು ಅಷ್ಟೇ. ಉಳಿದದ್ದು ತಯಾರಿಸುವ ಮತ್ತು ತಪಾಸಣೆ ಮಾಡುವ ಜಾಗಗಳಲ್ಲಿ ಆಗಬೇಕಾದ ಕೆಲಸ.

ನಮ್ಮ ಕೈಯಲ್ಲಿರುವ ಎಳೆ ಇನ್ನೊಂದು. ಅದರ ಸದ್ದು ಕಡಿಮೆ, ಆದ್ದರಿಂದಲೇ ಅದರ ಬಗ್ಗೆ ಹೆಚ್ಚು ಹೇಳಬೇಕೆನ್ನಿಸುತ್ತದೆ.

ಸೀನುವುದು ಶೀತದಲ್ಲೂ ಇದೆ, ಅಲರ್ಜಿಯಲ್ಲೂ ಇದೆ. ಹಾಗಾಗಿ 1940ರ ದಶಕದ ಕೊನೆಗೆ ಅಲರ್ಜಿಯ ಔಷಧಗಳು ಶೀತದ ಔಷಧಗಳಾಗಿಯೂ ಮಾರಾಟವಾಗತೊಡಗಿದವು. ಆದರೆ ಒಳಗೆ ನಡೆಯುವುದು ಒಂದೇ ಅಲ್ಲ. ಅಲರ್ಜಿಯ ಸೀನಿಗೆ ಹಿಸ್ಟಮಿನ್ ದೊಡ್ಡ ಕಾರಣ. ಶೀತದ ವೈರಸ್ಸಿಗೆ ಮೂಗು ಪ್ರತಿಕ್ರಿಯಿಸುವಾಗ ಹಿಸ್ಟಮಿನ್ ಪಾತ್ರ ಸಣ್ಣದು. ಕ್ಲೋರ್‌ಫೆನಿರಮೈನ್, ಡೈಫೆನ್‌ಹೈಡ್ರಮೈನ್‌ನಂಥ ಹಳೆಯ ತಲೆಮಾರಿನ ಔಷಧಗಳು ಶೀತದಲ್ಲಿ ಮೂಗನ್ನು ಸ್ವಲ್ಪ ಒಣಗಿಸಿದರೆ, ಅದು ಮುಖ್ಯವಾಗಿ ಅಸಿಟೈಲ್‌ಕೋಲಿನ್ ಎಂಬ ಇನ್ನೊಂದು ಸಂದೇಶವಾಹಕವನ್ನು ಅವು ತಡೆಯುವುದರಿಂದ. ಬಾಯಿ ಒಣಗುವುದೂ ಅದರಿಂದಲೇ. ಅವು ಮಿದುಳಿಗೂ ದಾಟುವುದರಿಂದ ಮಂಪರು ಬರುತ್ತದೆ. ಮಂಪರು ಕವಿದ ಮಗು ಮಲಗುತ್ತದೆ, ಔಷಧ ಕೆಲಸ ಮಾಡಿತು ಎಂದು ಮನೆಯವರು ಅಂದುಕೊಳ್ಳುತ್ತಾರೆ. ಕೆಲವು ಮಕ್ಕಳಲ್ಲಿ ಇದಕ್ಕೆ ವಿರುದ್ಧವಾಗಿ ಚಡಪಡಿಕೆ ಕಾಣಿಸುತ್ತದೆ.

ನಂತರ ಒಂದರ ಜೊತೆಗೆ ಇನ್ನೊಂದು ಸೇರುತ್ತ ಹೋಯಿತು. ಸೀನಿಗೊಂದು, ಕಟ್ಟಿದ ಮೂಗಿಗೊಂದು, ಕೆಮ್ಮಿಗೊಂದು, ಜ್ವರಕ್ಕೆ ಪ್ಯಾರಾಸಿಟಮಾಲ್. ಎಲ್ಲವೂ ಒಂದೇ ಬಾಟಲಿಯಲ್ಲಿ, ಒಂದೇ ಅಳತೆಯಲ್ಲಿ. ಅನುಕೂಲ ನಿಜ. ಆದರೆ ಮೂಗು ಮಾತ್ರ ಸೋರುತ್ತಿರುವವರು ಕೆಮ್ಮಿನ ಮತ್ತು ಜ್ವರದ ಔಷಧವನ್ನೂ ಕುಡಿಯುವಂತಾಯಿತು.

ಇನ್ನು ಮಕ್ಕಳಿಗೆ ಎಷ್ಟು ಕೊಡಬೇಕು ಎಂಬ ಪ್ರಶ್ನೆ. 1972ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ, ಅಂದರೆ ಎಫ್‌ಡಿಎ, ವೈದ್ಯರ ಚೀಟಿಯಿಲ್ಲದೆ ಮಾರುವ ಔಷಧಗಳನ್ನೆಲ್ಲ ಪರಿಶೀಲಿಸಲು ಹೊರಟಿತು. ಶೀತ-ಕೆಮ್ಮಿನ ಔಷಧಗಳ ತಜ್ಞ ಸಮಿತಿಯ ವರದಿ 1976ರಲ್ಲಿ ಬಂತು. ಮಕ್ಕಳ ಮೇಲೆ ನಡೆದ ಅಧ್ಯಯನಗಳು ತೀರಾ ಕಡಿಮೆ ಇದ್ದವು. ಹಾಗಾಗಿ ಒಂದು ಸರಳ ಲೆಕ್ಕವನ್ನು ಒಪ್ಪಿಕೊಂಡರು: ಆರರಿಂದ ಹನ್ನೊಂದು ವರ್ಷದವರಿಗೆ ವಯಸ್ಕರ ಪ್ರಮಾಣದ ಅರ್ಧ, ಎರಡರಿಂದ ಐದು ವರ್ಷದವರಿಗೆ ಕಾಲು ಭಾಗ. ಅದಕ್ಕೂ ಚಿಕ್ಕವರಿಗೆ ವೈದ್ಯರನ್ನು ಕೇಳಿ.

ಇದನ್ನು ನಿಧಾನವಾಗಿ ಓದಬೇಕು. ಎರಡು ವರ್ಷದ ಮಗುವಿಗೂ ಅದರ ಸುಮಾರು ಒಂದೂವರೆಯಷ್ಟು ತೂಕದ ಐದು ವರ್ಷದ ಮಗುವಿಗೂ ಒಂದೇ ಕಾಲು ಭಾಗ. ಎಳೆಯ ದೇಹದ ಯಕೃತ್ತು ಔಷಧವನ್ನು ಹೇಗೆ ಒಡೆಯುತ್ತದೆ, ಮೂತ್ರಪಿಂಡ ಹೇಗೆ ಹೊರಹಾಕುತ್ತದೆ ಎಂಬುದು ಈ ಲೆಕ್ಕದೊಳಗೆ ಬರಲೇ ಇಲ್ಲ. ಮಗು ಎಂದರೆ ಚಿಕ್ಕ ಗಾತ್ರದ ವಯಸ್ಕ ಎಂಬ ಎಣಿಕೆಯ ಮೇಲೆ ಮೂರು ದಶಕಗಳ ಕಾಲ ಚಮಚಗಳು ತುಂಬಿದವು. ಆ ಲೆಕ್ಕ ಹಾಕಿದವರು ತಾತ್ಕಾಲಿಕವೆಂದುಕೊಂಡಿರಬಹುದು. ಅದು ಲೇಬಲ್ಲಿನಲ್ಲಿ ಅಚ್ಚಾಗಿ ಉಳಿಯಿತು.

ಪ್ರಶ್ನೆ ಮತ್ತೆ ಎದ್ದದ್ದು 2007ರಲ್ಲಿ. ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಆ ವರ್ಷದ ಜನವರಿಯಲ್ಲಿ ಒಂದು ವರದಿ ಪ್ರಕಟಿಸಿತು. 2004 ಮತ್ತು 2005ರಲ್ಲಿ ಎರಡು ವರ್ಷದೊಳಗಿನ ಅಂದಾಜು 1,519 ಮಕ್ಕಳು ಶೀತ-ಕೆಮ್ಮಿನ ಔಷಧಗಳ ಅಡ್ಡಪರಿಣಾಮ ಅಥವಾ ಅತಿ ಪ್ರಮಾಣದಿಂದಾಗಿ ತುರ್ತು ಚಿಕಿತ್ಸೆಗೆ ಬಂದಿದ್ದರು. 2005ರಲ್ಲಿ ಆರು ತಿಂಗಳೊಳಗಿನ ಮೂರು ಶಿಶುಗಳು ಸತ್ತಿದ್ದವು. ಅವುಗಳ ರಕ್ತದಲ್ಲಿ ಮೂಗು ಬಿಡಿಸುವ ಸೂಡೊಎಫೆಡ್ರಿನ್ ಎಂಬ ಔಷಧ ಮಿತಿಮೀರಿ ಇತ್ತು. ಆ ಪೈಕಿ ಒಂದು ಶಿಶುವಿಗೆ ವೈದ್ಯರು ಬರೆದ ಸಂಯೋಜಿತ ಔಷಧವನ್ನೂ ಅಂಗಡಿಯಿಂದ ತಂದ ಸಂಯೋಜಿತ ಔಷಧವನ್ನೂ ಒಟ್ಟಿಗೆ ಕೊಡಲಾಗಿತ್ತು. ಕೊಟ್ಟವರಿಗೆ ಅವು ಎರಡು ಬೇರೆ ಔಷಧಗಳು. ಮಗುವಿನ ರಕ್ತಕ್ಕೆ ಒಂದೇ.

ಅಕ್ಟೋಬರಿನಲ್ಲಿ ತಯಾರಕರು ಶಿಶುಗಳ ಉತ್ಪನ್ನಗಳನ್ನು ತಾವಾಗಿ ಹಿಂತೆಗೆದುಕೊಂಡರು. ಅದೇ ತಿಂಗಳು ಎಫ್‌ಡಿಎಯ ಸಲಹಾ ಸಮಿತಿ 13–9 ಮತಗಳಿಂದ, ಆರು ವರ್ಷದೊಳಗಿನವರಿಗೆ ಈ ಔಷಧಗಳು ಬೇಡ ಎಂದಿತು. ಒಂದು ವರ್ಷದ ನಂತರ ತಯಾರಕರು ಲೇಬಲ್ ಬದಲಿಸಿದರು. ಸಮಿತಿ ಆರು ಎಂದಿತ್ತು, ಲೇಬಲ್ಲಿನಲ್ಲಿ ಬಂದದ್ದು ನಾಲ್ಕು. ಅದರ ಜೊತೆಗೆ, ಮಗುವನ್ನು ಮಲಗಿಸಲು ಈ ಔಷಧ ಬಳಸಬೇಡಿ ಎಂಬ ಸಾಲೂ ಸೇರಿತು. ಕೆನಡಾ ಮತ್ತು ಬ್ರಿಟನ್ ಆರು ವರ್ಷದ ಗೆರೆಯನ್ನೇ ಎಳೆದವು. ಒಂದೇ ಔಷಧಕ್ಕೆ ಬೇರೆ ಬೇರೆ ದೇಶಗಳಲ್ಲಿ ಬೇರೆ ಬೇರೆ ವಯಸ್ಸು ಏಕೆ ಎಂದು ಓದುಗರು ಕೇಳುವುದು ಇದರಿಂದ.

ಭಾರತದ ಔಷಧ ಮಹಾನಿಯಂತ್ರಕರು ಈ ಗೆರೆ ಎಳೆದದ್ದು 2023ರ ಡಿಸೆಂಬರಿನಲ್ಲಿ. ಪ್ರತಿ ಮಿಲಿಲೀಟರಿಗೆ 2 ಮಿಲಿಗ್ರಾಂ ಕ್ಲೋರ್‌ಫೆನಿರಮೈನ್ ಮತ್ತು ಮೂಗು ಬಿಡಿಸುವ ಫಿನೈಲೆಫ್ರಿನ್ 5 ಮಿಲಿಗ್ರಾಂ ಇರುವ ಹನಿ ಔಷಧವನ್ನು ನಾಲ್ಕು ವರ್ಷದೊಳಗಿನವರಿಗೆ ಬಳಸಬಾರದು, ಆ ಎಚ್ಚರಿಕೆ ಲೇಬಲ್ಲಿನ ಮೇಲಿರಬೇಕು ಎಂದರು. ಈ ಅಂಕಿಗಳನ್ನು ಹಳೆಯ ಲೆಕ್ಕದ ಪಕ್ಕದಲ್ಲಿ ಇಟ್ಟು ನೋಡಿ. ಕ್ಲೋರ್‌ಫೆನಿರಮೈನ್ ವಯಸ್ಕರಿಗೆ ಒಂದು ಬಾರಿಗೆ 4 ಮಿಲಿಗ್ರಾಂ, ಫಿನೈಲೆಫ್ರಿನ್ 10. ಅಂದರೆ ಪುಟ್ಟ ಹನಿಬಾಟಲಿಯ ಒಂದೇ ಮಿಲಿಲೀಟರಿನಲ್ಲಿ ದೊಡ್ಡವರ ಪ್ರಮಾಣದ ಸರಿಯಾಗಿ ಅರ್ಧ. ಹನಿ ಔಷಧ ಮತ್ತು ಸಿರಪ್ ಒಂದೇ ಎಂದುಕೊಂಡು ಒಂದು ಚಮಚ, ಅಂದರೆ 5 ಮಿಲಿಲೀಟರ್ ಕುಡಿಸಿದರೆ ಎರಡೂವರೆ ವಯಸ್ಕರ ಔಷಧ ಒಂದು ಮಗುವಿನ ಹೊಟ್ಟೆಗೆ ಹೋದಂತೆ. ಬಾಟಲಿ ಚಿಕ್ಕದಾದಷ್ಟೂ ಔಷಧ ಸೌಮ್ಯ ಎಂಬ ನಂಬಿಕೆ ಇಲ್ಲಿ ಪೂರ್ತಿ ತಲೆಕೆಳಗು. 2025ರ ಅಕ್ಟೋಬರಿನಲ್ಲಿ, ಛಿಂದ್ವಾಡಾದ ಸಾವುಗಳ ಹೊತ್ತಿಗೆ, ಕೇಂದ್ರ ಆರೋಗ್ಯ ಸೇವೆಗಳ ನಿರ್ದೇಶನಾಲಯ ಎರಡು ವರ್ಷದೊಳಗಿನವರಿಗೆ ಶೀತ-ಕೆಮ್ಮಿನ ಔಷಧ ಬರೆಯಬಾರದು, ಐದರೊಳಗೆ ಸಾಮಾನ್ಯವಾಗಿ ಬೇಡ ಎಂದು ಸೂಚಿಸಿತು. ವಿಷದ ಎಳೆಯೂ ಪ್ರಮಾಣದ ಎಳೆಯೂ ಸುದ್ದಿಯಲ್ಲಿ ಗಂಟು ಬಿದ್ದದ್ದು ಆಗಲೇ.

ಮೂರನೆಯ ಎಳೆ ಚಿಕ್ಕದು. ಕಟ್ಟಿದ ಮೂಗಿಗೆ ಮೊದಲಿದ್ದ ಫಿನೈಲ್‌ಪ್ರೊಪನಾಲಮೈನ್ ಮಿದುಳಿನ ರಕ್ತಸ್ರಾವಕ್ಕೆ ಸಂಬಂಧಿಸಿದೆ ಎಂದು ಕಂಡುಬಂದು, ಅದನ್ನು ಕೈಬಿಡುವಂತೆ ಎಫ್‌ಡಿಎ 2000ದಲ್ಲಿ ಕೇಳಿತು. ಸೂಡೊಎಫೆಡ್ರಿನ್‌ನಿಂದ ಮಾದಕವಸ್ತು ತಯಾರಿಸುತ್ತಿದ್ದುದರಿಂದ 2006ರಿಂದ ಅಮೆರಿಕದಲ್ಲಿ ಅದು ಕೌಂಟರಿನ ಹಿಂದೆ ಸರಿಯಿತು. ತೆರವಾದ ಜಾಗವನ್ನು ತುಂಬಿದ್ದು ಫಿನೈಲೆಫ್ರಿನ್. ಮೂಗಿಗೆ ಸಿಂಪಡಿಸಿದರೆ ಅದು ಕೆಲಸ ಮಾಡುತ್ತದೆ. ಕುಡಿದರೆ ಕರುಳು ಮತ್ತು ಯಕೃತ್ತಿನಲ್ಲೇ ಬಹುಪಾಲು ಒಡೆದುಹೋಗುತ್ತದೆ. ಕುಡಿಯುವ ರೂಪದಲ್ಲಿ ಇದು ಪರಿಣಾಮಕಾರಿಯಲ್ಲ ಎಂದು 2023ರ ಸೆಪ್ಟೆಂಬರಿನಲ್ಲಿ ಸಲಹಾ ಸಮಿತಿಯ 16 ಸದಸ್ಯರೂ ಒಮ್ಮತದಿಂದ ಹೇಳಿದರು. 2024ರ ನವೆಂಬರಿನಲ್ಲಿ ಎಫ್‌ಡಿಎ ಅದನ್ನು ಚೀಟಿಯಿಲ್ಲದೆ ಮಾರಬಹುದಾದ ಔಷಧಗಳ ಪಟ್ಟಿಯಿಂದ ಕೈಬಿಡುವ ಪ್ರಸ್ತಾವ ಮುಂದಿಟ್ಟಿತು.

ಹಾಗಾದರೆ ದೊಡ್ಡವರಿಗೆ, ದೊಡ್ಡ ಮಕ್ಕಳಿಗೆ ಸಂಯೋಜಿತ ಸಿರಪ್ ಏನೂ ಮಾಡುವುದಿಲ್ಲವೇ? ಸ್ವಲ್ಪ ನೆಮ್ಮದಿ ಕೊಡಬಹುದು. ಅಧ್ಯಯನಗಳನ್ನು ಒಟ್ಟುಮಾಡಿ ನೋಡಿದ ವಿಮರ್ಶೆಗಳೂ ಅಷ್ಟನ್ನು ಒಪ್ಪುತ್ತವೆ; ಚಿಕ್ಕ ಮಕ್ಕಳಿಗೆ ಉಪಯೋಗವಿದೆ ಎನ್ನಲು ಆಧಾರ ಸಿಗಲಿಲ್ಲ ಎಂದೂ ಹೇಳುತ್ತವೆ. ಶೀತ ಬೇಗ ವಾಸಿಯಾಗುವುದಂತೂ ಯಾರಿಗೂ ಇಲ್ಲ.

ಕುಡಿಯುವುದೇ ಆದರೆ ಬಾಟಲಿಯನ್ನು ಹಿಂದಕ್ಕೆ ತಿರುಗಿಸಿ. ಮುಂಬದಿಯ ದೊಡ್ಡ ಹೆಸರು ಏನನ್ನೂ ಹೇಳುವುದಿಲ್ಲ. ಹಿಂಬದಿಯಲ್ಲಿ 'ಪ್ರತಿ 5 ಮಿ.ಲೀ.ನಲ್ಲಿ' ಎಂದು ಆರಂಭವಾಗುವ ಸಣ್ಣ ಅಕ್ಷರಗಳಲ್ಲಿ ನಿಜವಾದ ಔಷಧಗಳಿವೆ. ಒಂದು ಉದಾಹರಣೆ ನೋಡೋಣ. 16 ಕಿಲೋ ತೂಕದ ಮಗು. ಪ್ಯಾರಾಸಿಟಮಾಲ್ ಒಂದು ಬಾರಿಗೆ ಕಿಲೋಗೆ 10ರಿಂದ 15 ಮಿಲಿಗ್ರಾಂ, ಅಂದರೆ ಹೆಚ್ಚೆಂದರೆ 240. ಶೀತದ ಸಿರಪ್ಪಿನ 5 ಮಿಲಿಲೀಟರಿನಲ್ಲಿ 125 ಮಿಲಿಗ್ರಾಂ ಇದೆ ಎನ್ನಿ. ಮೈ ಸುಡುತ್ತಿದೆ ಎಂದು ಜ್ವರದ ಸಿರಪ್ಪನ್ನೂ ಕೊಟ್ಟರು. ಅದರ 5 ಮಿಲಿಲೀಟರಿನಲ್ಲಿ 250. ಒಟ್ಟು 375. ದಿನಕ್ಕೆ ನಾಲ್ಕು ಬಾರಿ ಹೀಗೆಯೇ ನಡೆದರೆ 1,500. ಮಿತಿ ಇದ್ದದ್ದು 960. ಎರಡೂ ಬಾಟಲಿಗಳ ಸೂಚನೆಯನ್ನು ತಪ್ಪದೆ ಪಾಲಿಸಿಯೇ ಯಕೃತ್ತಿಗೆ ಅಪಾಯ ತಂದುಕೊಳ್ಳಬಹುದಾದ ದಾರಿ ಇದು. ದೊಡ್ಡವರಲ್ಲೂ ಹೀಗೆಯೇ: ಮಾತ್ರೆ ಒಂದು ಕಡೆ, ಸಿರಪ್ ಇನ್ನೊಂದು ಕಡೆ. ಅಲರ್ಜಿಗೆಂದು ಈಗಾಗಲೇ ಮಾತ್ರೆ ನುಂಗುತ್ತಿರುವವರು ಸಿರಪ್ಪಿನಲ್ಲಿ ಅದೇ ಬಗೆಯ ಎರಡನೆಯ ಔಷಧ ಕುಡಿಯುವುದೂ ಉಂಟು.

ಅಳತೆಯ ವಿಷಯವೂ ಸಣ್ಣದಲ್ಲ. ಅಡುಗೆಮನೆಯ ಚಮಚಗಳಲ್ಲಿ ಒಂದರಂತೆ ಇನ್ನೊಂದಿಲ್ಲ. 2010ರಲ್ಲಿ ಅಮೆರಿಕದ ಸಂಶೋಧಕರು ಹೆಚ್ಚು ಮಾರಾಟವಾಗುವ ಮಕ್ಕಳ 200 ದ್ರವ ಔಷಧಗಳನ್ನು ತೆಗೆದು ನೋಡಿದರು. ಸುಮಾರು ಕಾಲು ಭಾಗದಲ್ಲಿ ಅಳತೆಯ ಸಾಧನವೇ ಇರಲಿಲ್ಲ. ಇದ್ದವುಗಳಲ್ಲಿ ಹೆಚ್ಚುಕಡಿಮೆ ಎಲ್ಲದರಲ್ಲೂ ಲೇಬಲ್ಲಿನ ಸೂಚನೆಗೂ ಸಾಧನದ ಮೇಲಿನ ಗೆರೆಗಳಿಗೂ ತಾಳೆಯಾಗುತ್ತಿರಲಿಲ್ಲ. ಸೂಜಿಯಿಲ್ಲದ, ಮಿಲಿಲೀಟರ್ ಗೆರೆಗಳಿರುವ ಸಿರಿಂಜ್ ಇದಕ್ಕೆ ಎಲ್ಲಕ್ಕಿಂತ ಒಳ್ಳೆಯದು.

ಮಕ್ಕಳಷ್ಟೇ ಅಲ್ಲ, ವಯಸ್ಸಾದವರೂ ಹಳೆಯ ತಲೆಮಾರಿನ ಅಲರ್ಜಿ ಔಷಧದಿಂದ ದೂರ ಇರುವುದು ಮೇಲು. ಗೊಂದಲ, ಬೀಳುವುದು, ಮೂತ್ರ ಕಟ್ಟುವುದು ಅವರಲ್ಲಿ ಹೆಚ್ಚು. ರಕ್ತದೊತ್ತಡ, ಹೃದಯದ ತೊಂದರೆ, ಕಣ್ಣಿನ ಒತ್ತಡ, ಪ್ರಾಸ್ಟೇಟ್ ಊತ ಇರುವವರು ಕೇಳದೆ ಕುಡಿಯಬಾರದು. ಖಿನ್ನತೆಗೆ ಔಷಧ ತೆಗೆದುಕೊಳ್ಳುವವರು ಕೆಮ್ಮಿನ ಡೆಕ್ಸ್‌ಟ್ರೊಮೆಥಾರ್ಫನ್ ಇರುವ ಸಿರಪ್ಪಿಗೆ ಮೊದಲು ವೈದ್ಯರನ್ನು ಕೇಳಲೇಬೇಕು. ಸಿರಪ್ ಕುಡಿದ ಮೇಲೆ ವಾಹನ ಓಡಿಸುವುದಾಗಲಿ, ಮದ್ಯ ಸೇವಿಸುವುದಾಗಲಿ ಬೇಡ.

ಚಿಕ್ಕ ಮಗುವಿನ ಕಟ್ಟಿದ ಮೂಗಿಗೆ ಉಪ್ಪುನೀರಿನ ಹನಿ, ಆಗಾಗ ಕುಡಿಯಲು ದ್ರವ, ಜ್ವರವಿದ್ದರೆ ತೂಕಕ್ಕೆ ತಕ್ಕ ಪ್ಯಾರಾಸಿಟಮಾಲ್ ಒಂದೇ. ಉಸಿರಾಟ ವೇಗವಾದರೆ, ಪಕ್ಕೆ ಒಳಸೆಳೆದರೆ, ಮಗು ಹಾಲು ಕುಡಿಯದಿದ್ದರೆ ಅದು ಸಿರಪ್ಪಿನ ಪ್ರಶ್ನೆಯಲ್ಲ, ಆಸ್ಪತ್ರೆಯ ಪ್ರಶ್ನೆ. ದೊಡ್ಡ ಮಗುವಿಗೆ ಸಿರಪ್ ಕೊಟ್ಟಿದ್ದರೆ, ಕೊಟ್ಟ ಹೊತ್ತನ್ನೂ ಎಷ್ಟು ಮಿಲಿಲೀಟರ್ ಎಂಬುದನ್ನೂ ಒಂದು ಚೀಟಿಯಲ್ಲಿ ಬರೆದು ಬಾಟಲಿಗೇ ಅಂಟಿಸಿಡಿ. ಮುಂದಿನ ಸರದಿಯಲ್ಲಿ ಎದ್ದು ಬರುವುದು ಮನೆಯ ಇನ್ನೊಬ್ಬರಾಗಿರಬಹುದು, ಅವರಿಗೆ ನಿದ್ದೆಗಣ್ಣಿರುತ್ತದೆ.