ಪ್ಲಾಸ್ಟಿಕ್‌ನಲ್ಲಿ ಕರೆಂಟ್ ಹರಿಯದು ಎಂದಮೇಲೆ ಪಾಲಿಮರ್ ಸೌರಕೋಶ ಹೇಗೆ ಸಾಧ್ಯ?

ಪ್ರಶ್ನೆ: ಪ್ಲಾಸ್ಟಿಕ್ ವಿದ್ಯುತ್ ನಿರೋಧಕ ಎಂದು ಶಾಲೆಯಲ್ಲಿ ಕಲಿತಿದ್ದೇವೆ. ಹಾಗಿರುವಾಗ ಪಾಲಿಮರ್‌ನಿಂದ ಸೌರಕೋಶ ಮಾಡುತ್ತಾರೆ ಎಂಬುದನ್ನು ನಂಬುವುದು ಹೇಗೆ?
– ಓದುಗರು, ಸುರತ್ಕಲ್

ಉತ್ತರ: ಮಳೆಗಾಲ ಮುಗಿದು ಮಾಡಿನ ಮೇಲೆ ಸೋಲಾರ್ ಹಾಕಿಸುವ ಮಾತು ಎದ್ದೊಡನೆ ಈ ಪ್ರಶ್ನೆಯೂ ಏಳುತ್ತದೆ, ರಸಾಯನಶಾಸ್ತ್ರ ಕಲಿಸುತ್ತ ಬಂದ ನಾನು ಅದಕ್ಕೆ ಎಷ್ಟು ಸಲ ಉತ್ತರಿಸಿದ್ದೇನೆಂದು ಲೆಕ್ಕ ಇಡುವುದನ್ನೇ ಬಿಟ್ಟಿದ್ದೇನೆ. ವಯರಿನ ಸಿಪ್ಪೆ, ಸ್ವಿಚ್ಚಿನ ಕವಚ, ಅಂಗಡಿಯ ತೊಟ್ಟೆ ಇವುಗಳ ಮಟ್ಟಿಗೆ ಶಾಲೆಯ ಪಾಠ ಸರಿಯೇ. ಪ್ಲಾಸ್ಟಿಕ್ಕೂ ಸೇರಿ, ಸಣ್ಣ ಅಣುಗಳು ಉದ್ದ ಸರಪಳಿಯಾಗಿ ಬೆಸೆದುಕೊಂಡ ವಸ್ತುಗಳೇ ಪಾಲಿಮರ್‌ಗಳು. ಆ ಪಾಠವನ್ನು ಅವೆಲ್ಲದರ ಜಾತಕವೆಂದು ಓದಿದ್ದು ನಮ್ಮ ತಪ್ಪು.

ತೊಟ್ಟೆಯ ಪಾಲಿಥೀನನ್ನೇ ನೋಡಿ. ಇಂಗಾಲದ ಪ್ರತಿ ಪರಮಾಣುವಿಗೆ ಬಂಧ ಬೆಸೆಯಲು ನಾಲ್ಕು ಎಲೆಕ್ಟ್ರಾನ್‌ಗಳಿರುತ್ತವೆ. ಇಲ್ಲಿ ನಾಲ್ಕೂ ಒಂಟಿ ಬಂಧಗಳಲ್ಲಿ ಸಿಕ್ಕಿಕೊಂಡಿರುವುದರಿಂದ ಕದಲಲು ಯಾವುದೂ ಉಳಿಯುವುದಿಲ್ಲ. ಸೌರಕೋಶದ ಪಾಲಿಮರ್‌ನಲ್ಲಾದರೋ ಸರಪಳಿಯುದ್ದಕ್ಕೂ ಒಂಟಿ ಬಂಧ, ಜೋಡಿ ಬಂಧ, ಮತ್ತೆ ಒಂಟಿ, ಮತ್ತೆ ಜೋಡಿ ಎಂಬ ಕ್ರಮವಿದ್ದು, ನಾಲ್ಕನೆಯ ಎಲೆಕ್ಟ್ರಾನ್ ಎರಡೇ ಪರಮಾಣುಗಳ ನಡುವೆ ಕಟ್ಟುಬೀಳದೆ ಹರಡಿಕೊಳ್ಳುತ್ತದೆ. ಇಂಥದೇ ಬಂಧಕ್ರಮದ ಪಾಲಿಅಸಿಟಿಲೀನ್‌ಗೆ ಅಯೋಡಿನ್ ಆವಿ ತಾಗಿಸಿ ಅದರ ವಾಹಕತೆಯನ್ನು ಒಂದು ಕೋಟಿ ಪಟ್ಟು ಏರಿಸಿದ್ದನ್ನು ವಿಜ್ಞಾನಿಗಳಾದ ಶಿರಾಕಾವಾ, ಮ್ಯಾಕ್‌ಡಿಯರ್ಮಿಡ್ ಮತ್ತು ಹೀಗರ್ 1977ರಲ್ಲೇ ಪ್ರಕಟಿಸಿದರು. 2000ದಲ್ಲಿ ಅವರಿಗೆ ನೊಬೆಲ್ ಬಂತು. ವಜ್ರವೂ ಪೆನ್ಸಿಲ್ ಕಡ್ಡಿಯ ಗ್ರಾಫೈಟೂ ಇಂಗಾಲವೇ ಆದರೂ ಒಂದರಲ್ಲಿ ಕರೆಂಟ್ ಹರಿಯದು, ಇನ್ನೊಂದರಲ್ಲಿ ಹರಿಯುತ್ತದೆ ಎಂಬುದನ್ನು ತಕರಾರಿಲ್ಲದೆ ಒಪ್ಪುವವರು ಪಾಲಿಮರ್ ವಿಷಯದಲ್ಲಿ ಮಾತ್ರ ಹಠ ಹಿಡಿಯುವುದೇಕೋ ತಿಳಿಯದು. ಹಾಗೆಂದು ಮಲ್ಪೆ ಕಡಲತೀರದ ಬಾಟಲಿಗಳನ್ನು ಕರಗಿಸಿ ಸೌರಕೋಶ ಮಾಡಲಾಗದು. ದಯವಿಟ್ಟು ಅದನ್ನು ಮತ್ತೆ ಕೇಳಬೇಡಿ.

ನಿಜವಾದ ಕಷ್ಟ ಬೇರೆ ಇದೆ. ಬೆಳಕು ಬಿದ್ದಾಗ ಈ ಪಾಲಿಮರ್‌ನಲ್ಲಿ ಎಲೆಕ್ಟ್ರಾನ್ ಮತ್ತು ಅದು ತೆರವು ಮಾಡಿದ ರಂಧ್ರ ಒಂದಕ್ಕೊಂದು ಅಂಟಿಕೊಂಡೇ ಇರುತ್ತವೆ. ಈ ಜೋಡಿ ಸುಮಾರು 10 ನ್ಯಾನೋಮೀಟರ್ (ಒಂದು ನ್ಯಾನೋಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು) ಚಲಿಸುವುದರೊಳಗೆ ಎಲೆಕ್ಟ್ರಾನನ್ನು ಸೆಳೆಯುವ ಇನ್ನೊಂದು ವಸ್ತು ಸಿಗದಿದ್ದರೆ ಎರಡೂ ಮತ್ತೆ ಕೂಡಿ ಬೆಳಕಿನ ಶ್ರಮ ವ್ಯರ್ಥವಾಗುತ್ತದೆ. ಆದ್ದರಿಂದ ಎರಡೂ ವಸ್ತುಗಳನ್ನು ಒಂದೇ ದ್ರಾವಣದಲ್ಲಿ ಬೆರೆಸಿ, ಸುಮಾರು 100 ನ್ಯಾನೋಮೀಟರ್ ದಪ್ಪದ ಪದರವಾಗಿ ಬಳಿಯುತ್ತಾರೆ. ನೇತ್ರಾವತಿ ನದಿಯ ನಡುವಿನ ಸಣ್ಣ ಕುದ್ರುವಿನಲ್ಲಿ (ದ್ವೀಪದಲ್ಲಿ) ಎಲ್ಲಿ ನಿಂತರೂ ನಾಲ್ಕು ಹೆಜ್ಜೆಗೆ ನೀರು ಸಿಗುವಂತೆ ಈ ಮಿಶ್ರಣ ಇರಬೇಕು, ಮತ್ತು ಆ ನೀರು ಎಲ್ಲಿಯೂ ಕಟ್ಟಿ ನಿಲ್ಲದೆ ಅಳಿವೆಯವರೆಗೆ ಹರಿಯಬೇಕು, ಅಂದರೆ ಬಿಡಿಸಿದ ಎಲೆಕ್ಟ್ರಾನ್ ಎಲ್ಲೂ ಸಿಕ್ಕಿಬೀಳದೆ ಕೋಶದ ವಿದ್ಯುದ್ವಾರವನ್ನು ಮುಟ್ಟಬೇಕು. ಪಿ3ಎಚ್‌ಟಿ ಎಂಬ ಪಾಲಿಮರ್‌ನ ಕಾಲದಲ್ಲಿ ಶೇ. 4–5ರಷ್ಟಿದ್ದ ದಕ್ಷತೆ (ಬಿದ್ದ ಬೆಳಕಿನ ಶಕ್ತಿಯಲ್ಲಿ ವಿದ್ಯುತ್ತಾಗುವ ಪಾಲು), ಪಿಎಂ6 ಪಾಲಿಮರ್ ಜೊತೆಗೆ ಕೆಂಪಿನಾಚೆಯ ಬೆಳಕನ್ನೂ ಹೀರುವ, ಎಲೆಕ್ಟ್ರಾನ್ ಸೆಳೆಯುವ ವೈ6 ಅಣುವನ್ನು ಬೆರೆಸಿದಾಗ 2019ರಲ್ಲಿ ಶೇ. 15.7ಕ್ಕೆ ಏರಿತು, ಈಗ ಪ್ರಯೋಗಾಲಯದ ಸಣ್ಣ ಕೋಶಗಳಲ್ಲಿ ಶೇ. 19ನ್ನು ದಾಟಿದೆ. ನಮ್ಮ ಕರಾವಳಿಯ ತೇವವನ್ನು ವರ್ಷಗಟ್ಟಲೆ ತಾಳಿಕೊಳ್ಳುವುದು ಇನ್ನೂ ಬಾಕಿಯಿರುವ ಪರೀಕ್ಷೆ.

ಈ ಪಾಲಿಮರ್‌ಗಳಿಗೆ ಇಷ್ಟು ಗಾಢ ಬಣ್ಣವೇಕೆ ಎಂದು ಯಾರೂ ಕೇಳಲಿಲ್ಲ, ಕೇಳಬೇಕಿತ್ತು. ಹರಡಿಕೊಂಡ ಎಲೆಕ್ಟ್ರಾನನ್ನು ಮೇಲೆತ್ತಲು ಕಣ್ಣಿಗೆ ಕಾಣುವ ಬೆಳಕೇ ಸಾಕಾಗುವುದರಿಂದ, ಕರೆಂಟ್ ಕೊಡುವ ಬಂಧಕ್ರಮವೇ ಬಣ್ಣವನ್ನೂ ಕೊಡುತ್ತದೆ. ಕ್ಯಾರೆಟ್ಟಿನ ಕೇಸರಿಗೂ ಅದೇ ಕಾರಣ. ಪಿ3ಎಚ್‌ಟಿಯನ್ನು ಕ್ಲೋರೋಫಾರ್ಮ್‌ನಲ್ಲಿ ಕರಗಿಸಿದರೆ ದ್ರಾವಣ ಕಿತ್ತಳೆಯಾಗಿ ಕಾಣುತ್ತದೆ. ಅದರ ಒಂದು ಹನಿಯನ್ನು ಗಾಜಿನ ಮೇಲೆ ಒಣಗಲು ಬಿಡಿ: ತಿರುಚಿಕೊಂಡಿದ್ದ ಸರಪಳಿಗಳು ಚಪ್ಪಟೆಯಾಗಿ ಒಂದರ ಮೇಲೊಂದು ಕೂರುತ್ತಿದ್ದಂತೆ ಕಿತ್ತಳೆ ಕಪ್ಪಾಗುತ್ತ ಹೋಗಿ, ಕೊನೆಗೆ ಒಣಗಿದ ಪುನರ್ಪುಳಿ ಸಿಪ್ಪೆಯ ಬಣ್ಣಕ್ಕೆ ನಿಲ್ಲುತ್ತದೆ.