ಒಂದೇ ಬೂದಿ, ಹತ್ತು ಕಥೆ

ಬಳ್ಳಾರಿಯಿಂದ ಹೊಸಪೇಟೆ ಕಡೆ ಹೊರಟರೆ ಕುಡತಿನಿ ಹತ್ತಿರ, ರಸ್ತೆ ಬದಿಯಲ್ಲೇ ಒಂದು ಬೂದಿದಿಬ್ಬ ಸಿಗುತ್ತದೆ. ಬಸ್ಸಿನಲ್ಲಿ ಕೂತವರು ಅದರ ಕಡೆ ತಿರುಗಿಯೂ ನೋಡುವುದಿಲ್ಲ. ಹೋದ ಬೇಸಿಗೆಯಲ್ಲಿ ಅಕ್ಕನ ಮಗನನ್ನು ಕರೆದುಕೊಂಡು ಅಲ್ಲಿಗೆ ಹೋಗಿದ್ದೆ. ಬುಡದಲ್ಲಿ ಬಿದ್ದಿದ್ದ ಒಂದು ತುಂಡನ್ನು ಅವನ ಅಂಗೈ ಮೇಲಿಟ್ಟೆ. ಬೂದು ಬಣ್ಣ, ಮೈತುಂಬ ತೂತು, ಕೈಗೆ ಹಗುರ. ಒಂದು ಮಗ್ಗುಲು ಮಾತ್ರ ಕರಗಿ ಹೆಪ್ಪುಗಟ್ಟಿದ ಗಾಜಿನ ಹಾಗೆ ಹೊಳೆಯುತ್ತಿತ್ತು.

"ಥರ್ಮಲ್ ಪ್ಲಾಂಟಿನ ಬೂದಿ ಅಲ್ವಾ?" ಅಂದ.

ಅವನು ಹಾಗೆ ಅಂದಿದ್ದು ಸಹಜ. ಕುಡತಿನಿ ಅಂದರೆ ಅವನಿಗೆ ಗೊತ್ತಿರುವುದು ವಿದ್ಯುತ್ ಸ್ಥಾವರ, ಅದರ ಚಿಮಣಿ, ಬೂದಿ. ಆದರೆ ಈ ದಿಬ್ಬಕ್ಕೆ ನಾಲ್ಕು ಸಾವಿರ ವರ್ಷ ವಯಸ್ಸು. ತುಂಡನ್ನು ಇದ್ದ ಜಾಗದಲ್ಲೇ ಇಟ್ಟು, ಫೋಟೊ ತೆಗೆದುಕೊಂಡು ಬಂದೆವು. ಮನೆಯಲ್ಲಿ ಅಮ್ಮನಿಗೆ ತೋರಿಸಿದೆ. ಕನ್ನಡಕ ಸರಿಮಾಡಿಕೊಂಡು ನೋಡಿದಳು. "ಕುಳ್ಳಿನ ಬೂದಿ ಇದ್ದಂಗೈತಲ್ಲ" ಅಂದಳು.

ನಮ್ಮ ಸೀಮೆಯಲ್ಲಿ ಇಂಥ ದಿಬ್ಬಗಳು ಬಹಳ ಇವೆ. ಹಂಪಿ ಹತ್ತಿರದ ನಿಂಬಾಪುರದ ದಿಬ್ಬವನ್ನು ಜನ ವಾಲಿಯ ಚಿತೆಯ ಬೂದಿ ಎನ್ನುತ್ತಾರೆ. ಕಿಷ್ಕಿಂಧೆಯ ಕಥೆ ಕೇಳಿ ಬೆಳೆದವರಿಗೆ ಹಾಗೆ ಕಾಣದೆ ಇನ್ನು ಹೇಗೆ ಕಾಣಬೇಕು? 19ನೇ ಶತಮಾನದಲ್ಲಿ ಇವನ್ನು ನೋಡಿದ ವಿದ್ಯಾವಂತರೂ ತಮಗೆ ಗೊತ್ತಿದ್ದದ್ದನ್ನೇ ಇಲ್ಲಿ ಕಂಡರು. ಒಬ್ಬರು ಜ್ವಾಲಾಮುಖಿ ಎಂದರು. ಇನ್ನೊಬ್ಬರು ಕುಲುಮೆಯ ಕಿಟ್ಟ ಎಂದರು. ಮತ್ತೊಬ್ಬರಿಗೆ ಅದು ಸತ್ತವರನ್ನು ಒಟ್ಟಿಗೆ ಸುಟ್ಟ ಜಾಗ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಮಾತ್ರ ಇದು ಕಲ್ಲಿನ ಯುಗದ ದನದ ದೊಡ್ಡಿಯ ಸಗಣಿ ಸುಟ್ಟ ಬೂದಿ ಎಂದರು. ಇವರಲ್ಲಿ ಯಾರೂ ಸುಳ್ಳು ಹೇಳಲು ಹೊರಟವರಲ್ಲ.

ಎರಡು ಅರ್ಥಕ್ಕೆ ಜಾಗ ಇರುವ ಕಡೆ ಮನಸ್ಸು ತನಗೆ ರೂಢಿಯಾದ ಅರ್ಥದ ಕಡೆ ವಾಲುವುದನ್ನು ಮನಃಶಾಸ್ತ್ರದಲ್ಲಿ ಇಂಟರ್‌ಪ್ರಿಟೇಶನ್ ಬಯಾಸ್ ಎನ್ನುತ್ತಾರೆ. ಅರ್ಥೈಸುವ ಒಲವು ಎನ್ನೋಣ. ಊರಿಂದ "ಬೇಗ ಫೋನ್ ಮಾಡು" ಅಂತ ಮೆಸೇಜ್ ಬಂದರೆ ನನ್ನ ಎದೆ ಧಸಕ್ ಎನ್ನುತ್ತದೆ. ನನ್ನ ತಮ್ಮನಿಗೆ ಅದು ಸುಮ್ನೆ ಒಂದು ಮೆಸೇಜ್. ಇದನ್ನು ಅಳೆಯಲು ಒಂದು ಸರಳ ಪ್ರಯೋಗ ಮಾಡಿದ್ದಾರೆ. ಇಂಗ್ಲಿಷಿನಲ್ಲಿ ಸಾಯುವುದಕ್ಕೂ ಬಣ್ಣ ಹಾಕುವುದಕ್ಕೂ 'ಡೈ' ಎಂದೇ ಉಚ್ಚಾರ. ಬರೆಯುವಾಗ ಮಾತ್ರ ಸ್ಪೆಲ್ಲಿಂಗ್ ಬೇರೆ. ಆಂಡ್ರ್ಯೂ ಮ್ಯಾಥ್ಯೂಸ್ ಮತ್ತು ಜೊತೆಗಾರರು ಇಂಥ ಪದಗಳನ್ನು ಕೇಳಿಸಿ, ಕಿವಿಗೆ ಬಿದ್ದದ್ದನ್ನು ಬರೆಯಲು ಹೇಳಿದರು. 1989ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ಆತಂಕದ ಕಾಯಿಲೆ ಇದ್ದವರು ಭಯದ ಅರ್ಥದ ಸ್ಪೆಲ್ಲಿಂಗನ್ನೇ ಜಾಸ್ತಿ ಬರೆದರು. ಕೇಳಿಸಿದ ಸದ್ದು ಎಲ್ಲರಿಗೂ ಒಂದೇ.

ವಿಜ್ಞಾನಿಗಳ ಮನಸ್ಸೂ ಮನಸ್ಸೇ ತಾನೆ. 2018ರಲ್ಲಿ ಬಂದ ಒಂದು ಅಧ್ಯಯನ ನನ್ನನ್ನು ಇವತ್ತಿಗೂ ಕಾಡುತ್ತದೆ. ಫುಟ್‌ಬಾಲ್‌ನಲ್ಲಿ ಕಪ್ಪು ಮೈಬಣ್ಣದ ಆಟಗಾರರಿಗೆ ರೆಫರಿಗಳು ರೆಡ್ ಕಾರ್ಡ್ ಜಾಸ್ತಿ ಕೊಡುತ್ತಾರಾ ಎಂಬುದು ಪ್ರಶ್ನೆ. 29 ಸಂಶೋಧಕ ತಂಡಗಳಿಗೆ ಒಂದೇ ಮಾಹಿತಿಯನ್ನು ಹಂಚಿದರು. 20 ತಂಡಗಳು ಹೌದು, ವ್ಯತ್ಯಾಸ ಸ್ಪಷ್ಟವಾಗಿದೆ ಎಂದವು. ಉಳಿದ 9 ತಂಡಗಳಿಗೆ ಅಂಥ ಸ್ಪಷ್ಟ ವ್ಯತ್ಯಾಸ ಸಿಗಲಿಲ್ಲ. ಲೆಕ್ಕ ತಪ್ಪಿದ್ದಲ್ಲ. ಆಟಗಾರ ಯಾವ ಜಾಗದಲ್ಲಿ ಆಡುತ್ತಾನೆ, ಯಾವ ಲೀಗ್‌ನಲ್ಲಿ ಆಡುತ್ತಾನೆ, ಇದರಲ್ಲಿ ಯಾವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು, ಯಾವುದನ್ನು ಬಿಡಬೇಕು? ಒಂದೊಂದು ತಂಡವೂ ಒಂದೊಂದು ದಾರಿ ಹಿಡಿಯಿತು. ಒಂದೊಂದು ದಾರಿಗೂ ಸರಿಯಾದ ಕಾರಣ ಇತ್ತು. ಸಾಮಾನ್ಯವಾಗಿ ನಾವು ಪೇಪರಿನಲ್ಲಿ ಓದುವುದು ಒಂದೇ ತಂಡದ ಉತ್ತರವನ್ನು. ಉಳಿದ 28 ದಾರಿಗಳು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ.

ಇದಕ್ಕೆ ಈಗ ಕಂಡುಕೊಂಡಿರುವ ಉಪಾಯಗಳಲ್ಲಿ ನನಗೆ ಬಹಳ ಹಿಡಿಸಿದ್ದು ಒಂದು. ಮಾಹಿತಿ ನೋಡುವ ಮುಂಚೆಯೇ ಬರೆದಿಡುವುದು. ಏನು ಅಳೆಯುತ್ತೇನೆ, ಹೇಗೆ ಲೆಕ್ಕ ಹಾಕುತ್ತೇನೆ, ಏನು ಸಿಕ್ಕರೆ ನನ್ನ ಊಹೆ ತಪ್ಪು, ಎಲ್ಲವನ್ನೂ ತಾರೀಖು ಹಾಕಿ ನೋಂದಾಯಿಸಬೇಕು. ಆಮೇಲೆ ಫಲಿತಾಂಶಕ್ಕೆ ತಕ್ಕ ಹಾಗೆ ಮಾತು ಬದಲಿಸಿದರೆ ಎಲ್ಲರಿಗೂ ಗೊತ್ತಾಗುತ್ತದೆ.

ಅಮ್ಮ ಹೇಳಿದ್ದು ಸರಿ. ಫೂಟ್ ಹೇಳಿದ್ದೂ ಸರಿ. ಆದರೆ ಜೀವಮಾನವೆಲ್ಲ ಕುಳ್ಳಿನ ಒಲೆ ಹಚ್ಚಿದ ಅಮ್ಮನಿಗೆ ಕುಳ್ಳಿನ ಬೂದಿ ಕಂಡಿದ್ದಕ್ಕೂ, ಹುಡುಗನಿಗೆ ಥರ್ಮಲ್ ಬೂದಿ ಕಂಡಿದ್ದಕ್ಕೂ ಕಾರಣ ಒಂದೇ. ಅಮ್ಮನ ಒಲವು ಸರಿಯಾದ ಜಾಗಕ್ಕೆ ಬಿತ್ತು, ಅಷ್ಟೆ. ಊಹೆ ಗಟ್ಟಿಯಾಗಬೇಕಾದರೆ ನೆಲ ಅಗೆಯಬೇಕಾಗಿತ್ತು. ಇದು ದೊಡ್ಡಿ ಆಗಿದ್ದರೆ ಬೇಲಿ ಇರಬೇಕು, ದನ ಓಡಾಡಿದ ಗುರುತು ಇರಬೇಕು. 1957ರಲ್ಲಿ ಬ್ರಿಟನ್ನಿನ ಪುರಾತತ್ವಜ್ಞ ರೇಮಂಡ್ ಆಲ್ಚಿನ್, ಈಗ ತೆಲಂಗಾಣದಲ್ಲಿರುವ ಉಟ್ನೂರಿನ ಬೂದಿದಿಬ್ಬವನ್ನು ಅಗೆಸಿದರು. ಬೇಲಿಯ ಕಂಬ ನೆಟ್ಟ ಗುಳಿಗಳು ಸಿಕ್ಕವು. ಬೂದಿಯ ನಡುವೆ ದನಗಳ ಗೊರಸಿನ ಗುರುತು ಹಾಗೇ ಉಳಿದಿತ್ತು. ಲ್ಯಾಬಿನಲ್ಲಿ ಪರೀಕ್ಷೆ ಮಾಡಿದಾಗಲೂ ಅದು ಸಗಣಿಯ ಬೂದಿಯೇ ಎಂದು ಗೊತ್ತಾಯಿತು. ಗಾಜಿನ ಹೊಳಪಿಗೂ ಕಾರಣ ಸಿಕ್ಕಿತು. ದನ ತಿಂದ ಹುಲ್ಲಿನಲ್ಲಿರುವ ಸಿಲಿಕಾ ಭಾರಿ ಕಾವಿಗೆ ಕರಗಿ ಹೆಪ್ಪುಗಟ್ಟಿತ್ತು.

"ಸರಿ, ಸಗಣಿನ ಯಾಕೆ ಸುಟ್ರು? ಹೊಲಕ್ಕೆ ಹಾಕಬಹುದಿತ್ತಲ್ಲ" ಅಂದ ಹುಡುಗ. ಇದರಲ್ಲಿ ತಜ್ಞರಿಗೂ ಇನ್ನೂ ಒಮ್ಮತವಿಲ್ಲ. ಆಲ್ಚಿನ್ ಅವರಿಗೆ ಇದರಲ್ಲಿ ಕಂಡಿದ್ದು ಹಬ್ಬದ ಬೆಂಕಿ. ಕೆಲವರು ಇದು ಬರೀ ತಿಪ್ಪೆ ಸುಟ್ಟು ಜಾಗ ಚೊಕ್ಕ ಮಾಡಿದ್ದು ಎನ್ನುತ್ತಾರೆ. ಯಾವುದು ಸರಿ ಅಂತ ನಾನು ಹೇಳಲಿಲ್ಲ. ಬಸ್ ಟಿಕೆಟ್ಟಿನ ಹಿಂಬದಿ ತೋರಿಸಿ, "ಹಬ್ಬ ಆಗಿದ್ರೆ ಒಳಗೆ ಏನು ಸಿಗಬೇಕು, ಕಸ ಆಗಿದ್ರೆ ಏನು ಸಿಗಬೇಕು, ಮೊದಲು ಬರಿ" ಅಂದೆ. ಪೆನ್ನು ಕಚ್ಚಿಕೊಂಡು ಬಹಳ ಹೊತ್ತು ಯೋಚನೆ ಮಾಡಿದ. ಆಮೇಲೆ ಸಣ್ಣ ಅಕ್ಷರದಲ್ಲಿ ಬರೆದ: "ಹಬ್ಬ: ಬೂದಿ ಪದರ ಪದರವಾಗಿ, ಒಂದೇ ದಪ್ಪ. ಕಸ: ಒಡೆದ ಮಡಕೆ, ಮೂಳೆ, ಎಲ್ಲಾ ಕಲಸಿರಬೇಕು." ಕೆಳಗೆ ತಾರೀಖು ಹಾಕಿ ಟಿಕೆಟ್ ಮಡಚಿ ಜೇಬಿನಲ್ಲಿಟ್ಟುಕೊಂಡ.