ಟ್ಯಾಂಕ್ ನೀರು ಗಂಜಿ ತಿಳಿಯಾದಾಗ: ಸೈಕ್ಲಿಂಗ್ ಬಗ್ಗೆ ನನ್ನ ಟಿಪ್ಪಣಿ

ಮೊದಲ ಸಲ ಫಿಶ್ ಟ್ಯಾಂಕ್ ಇಡುತ್ತಿರುವವರಿಗಾಗಿ ಇದು. ನಾನೂ ಮೊದಲ ಸಲದವನೇ. ಟ್ಯಾಂಕ್‌ಗೆ ನೀರು ತುಂಬಿ ಇವತ್ತಿಗೆ 34 ದಿನ, ಒಳಗೆ ಇನ್ನೂ ಒಂದು ಮೀನೂ ಇಲ್ಲ. ನಡುವೆ ಎಂಟು ದಿನ ನೀರು ಗಂಜಿ ತಿಳಿಯ ಹಾಗೆ ಬೆಳ್ಳಗಿತ್ತು. ಆ ಎಂಟು ದಿನದಲ್ಲಿ ನಾನು ಮಾಡಿದ್ದೆಲ್ಲ ತಪ್ಪೇ. ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ.

ಸೈಕ್ಲಿಂಗ್ ಅಂದರೆ ಏನು ಅನ್ನೋದನ್ನು ಬೇಗ ಮುಗಿಸುತ್ತೇನೆ. ಮೀನು ಬಿಡುವ ಹೊಲಸು ಮತ್ತು ಉಳಿದ ಆಹಾರದಿಂದ ನೀರಿನಲ್ಲಿ ಅಮೋನಿಯಾ ಸೇರುತ್ತದೆ. ಒಂದು ಗುಂಪಿನ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಗುಂಪು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಮೊದಲಿನ ಎರಡೂ ಮೀನಿಗೆ ವಿಷ. ನೈಟ್ರೇಟ್ ಸ್ವಲ್ಪ ಇದ್ದರೆ ಮೀನು ತಡೆದುಕೊಳ್ಳುತ್ತದೆ. ಈ ಎರಡು ಗುಂಪು ಫಿಲ್ಟರ್ ಸ್ಪಂಜಿನಲ್ಲಿ, ಕಲ್ಲುಗಳ ಮೇಲೆ ಬೇರೂರುವ ತನಕ ಕಾಯಬೇಕು. ಸಾಮಾನ್ಯವಾಗಿ 4ರಿಂದ 6 ವಾರ. ಅಷ್ಟೇ.

ಮೊದಲು ಲೋಟದ ಪರೀಕ್ಷೆ

ನೀರು ಕದಡಿದ ಕೂಡಲೇ ಏನೂ ಮಾಡಬೇಡಿ. ಒಂದು ಗಾಜಿನ ಲೋಟದಲ್ಲಿ ಆ ನೀರು ತುಂಬಿ ಅಡುಗೆಮನೆ ಕಟ್ಟೆಯ ಮೇಲೆ ರಾತ್ರಿಯಿಡೀ ಬಿಡಿ. ಬೆಳಗ್ಗೆ ತಳದಲ್ಲಿ ಬೂದಿಯಂಥ ಪದರ ಕೂತು ಮೇಲಿನ ನೀರು ತಿಳಿಯಾಗಿದ್ದರೆ ಅದು ಕಲ್ಲಿನ ಧೂಳು. ಜಲ್ಲಿಯನ್ನು ಸರಿಯಾಗಿ ತೊಳೆದಿಲ್ಲ ಅಂತ ಅರ್ಥ, ಫಿಲ್ಟರ್ ಅದನ್ನು ಎಳೆದುಕೊಳ್ಳುತ್ತದೆ. ಲೋಟದ ಹಿಂದೆ ಬಿಳಿ ಹಾಳೆ ಹಿಡಿದಾಗ ಹಸಿರು ಕಂಡರೆ ತೇಲುವ ಪಾಚಿ, ಬೆಳಕು ಜಾಸ್ತಿಯಾಗಿದೆ. ತಿಳಿಯಾಗಿದ್ದೂ ಟೀ ಬಣ್ಣವಿದ್ದರೆ ಅದು ಮರದ ತುಂಡು ಬಿಟ್ಟ ಬಣ್ಣ, ತೊಂದರೆ ಇಲ್ಲ. ಬೆಳಗಾದರೂ ತಳದಲ್ಲಿ ಏನೂ ಕೂರದೆ, ಲೋಟದ ತುಂಬ ಒಂದೇ ಸಮನೆ ಮಂಜು ಕವಿದ ಹಾಗಿದ್ದರೆ ಅದು ಬ್ಯಾಕ್ಟೀರಿಯಾ. ನನ್ನದು ಇದು.

ನನ್ನ ಎಡವಟ್ಟು

ನನ್ನದು 2 ಅಡಿ ಉದ್ದ, 1 ಅಡಿ ಅಗಲ, 1 ಅಡಿ ಎತ್ತರದ ಟ್ಯಾಂಕ್. ಲೆಕ್ಕದಲ್ಲಿ ಸುಮಾರು 56 ಲೀಟರ್, ಜಲ್ಲಿ ಹಾಕಿದ ಮೇಲೆ 50 ಅನ್ನಿ. ಅಂಗಡಿಯವರು "ಮೂರು ದಿನ ನೀರು ಓಡಿಸಿ, ಆಮೇಲೆ ಮೀನು ತಗೊಂಡು ಹೋಗಿ ಸರ್" ಅಂದಿದ್ದರು. ಅಷ್ಟರಲ್ಲಿ ನಾನು ಸೈಕ್ಲಿಂಗ್ ಬಗ್ಗೆ ಓದಿಕೊಂಡಿದ್ದೆ. ಮೀನಿಲ್ಲದಿದ್ದರೂ ಚಿಟಿಕೆ ಆಹಾರ ಹಾಕಿದರೆ ಅದು ಕೊಳೆತು ಅಮೋನಿಯಾ ಬರುತ್ತದೆ ಅಂತ ಗೊತ್ತಿತ್ತು. ಬೇಗ ಆಗಲಿ ಅಂತ ಮೂರನೇ ದಿನ ಒಂದು ಚಮಚ ತುಂಬ ಹಾಕಿದೆ. ನಾಲ್ಕನೇ ದಿನ ಬೆಳಗ್ಗೆ ಹಿಂದಿನ ಗಾಜಿಗೆ ಅಂಟಿಸಿದ್ದ ನೀಲಿ ಪೋಸ್ಟರ್ ಕಾಣಿಸಲಿಲ್ಲ.

ಐದನೇ ದಿನ ಮುಕ್ಕಾಲು ಪಾಲು ನೀರು ತೆಗೆದು ಹೊಸದು ತುಂಬಿದೆ. ಮಧ್ಯಾಹ್ನ ಫಳಫಳ, ರಾತ್ರಿ ಮತ್ತೆ ಗಂಜಿ. ಆರನೇ ದಿನವೂ ಇದೇ ಕಥೆ. ಏಳನೇ ದಿನ ಸಿಟ್ಟು ಬಂದು ಸ್ಪಂಜನ್ನೂ ನಲ್ಲಿ ಕೆಳಗೆ ಹಿಂಡಿ ಹಿಂಡಿ ತೊಳೆದೆ. ಸೈಕಲ್ ಮಾಡುವ ಬ್ಯಾಕ್ಟೀರಿಯಾ ಅಲ್ಲೇ ಬೇರೂರಬೇಕು. ಕೂತಿದ್ದ ನಾಲ್ಕಾರೂ ಹಿಂಡಿದ್ದರಲ್ಲಿ ಹೋದವು, ಹೋಗದೆ ಉಳಿದವನ್ನು ನಲ್ಲಿ ನೀರಿನ ಕ್ಲೋರಿನ್ ನೋಡಿಕೊಂಡಿತು.

ಹನ್ನೆರಡನೇ ದಿನ, ನಾನು ಕೈಚೆಲ್ಲಿ ಕೂತ ಮೇಲೆ, ನೀರು ತಾನಾಗೇ ತಿಳಿಯಾಯಿತು. ಸೈಕಲ್ ಮುಗಿಯಿತು ಅಂದುಕೊಂಡೆ! ಮೀನು ತರಲು ಹೊರಟವನು ಸುಮ್ನೆ ಒಂದು ಸಲ ಟೆಸ್ಟ್ ಮಾಡೋಣ ಅಂತ ಕಿಟ್ ತೆಗೆದೆ. ಅಮೋನಿಯಾ 4 ಪಿಪಿಎಂ, ಅಂದರೆ ಲೀಟರಿಗೆ 4 ಮಿಲಿಗ್ರಾಂ. ನೈಟ್ರೈಟ್ ಸೊನ್ನೆ. ಸೈಕಲ್ ಮುಗಿಯುವುದಿರಲಿ, ಶುರುವೇ ಆಗಿರಲಿಲ್ಲ.

ಎರಡು ಬೇರೆ ಬೇರೆ ಬ್ಯಾಕ್ಟೀರಿಯಾ

ನಾನು ಮುಗ್ಗರಿಸಿದ್ದು ಇಲ್ಲಿ, ಹಾಗಾಗಿ ಇದನ್ನು ನಿಧಾನವಾಗಿ ಬರೆಯುತ್ತೇನೆ.

"ಬ್ಯಾಕ್ಟೀರಿಯಾ ಬೆಳೆದರೆ ಸೈಕಲ್ ಆಗುತ್ತದೆ" ಅಂತ ಓದಿದ್ದೆ. "ಬಿಳಿ ಮಂಜು ಅಂದರೆ ಬ್ಯಾಕ್ಟೀರಿಯಾ ಬೆಳೆದಿದೆ" ಅಂತಲೂ ಓದಿದ್ದೆ. ಎರಡನ್ನೂ ಕೂಡಿಸಿ, ಮಂಜು ಬಂದು ಹೋದರೆ ಸೈಕಲ್ ಆಯಿತು ಅಂತ ತೀರ್ಮಾನ ಮಾಡಿದೆ. ಆದರೆ ಇಲ್ಲಿರುವುದು ಎರಡು ಬೇರೆ ಜಾತಿ.

ಮಂಜು ಮಾಡುವವು ಕೊಳೆತದ್ದನ್ನು ತಿನ್ನುವವು. ಮೀನಿನ ಆಹಾರ, ಸತ್ತ ಎಲೆ, ಹೀಗೆ ಸಿಕ್ಕಿದ್ದನ್ನು ತಿಂದು ನೀರಿನಲ್ಲೇ ತೇಲುತ್ತಾ ಬೆಳೆಯುತ್ತವೆ. ತಿಂದು ಅಮೋನಿಯಾ ಬಿಡುತ್ತವೆ. ಸೈಕಲ್ ಮಾಡುವವು ಆ ಅಮೋನಿಯಾ, ನೈಟ್ರೈಟ್ ಮೇಲೆ ಬದುಕುವವು. ಅವು ಹೆಚ್ಚಾಗಿ ಸ್ಪಂಜು, ಕಲ್ಲು, ಗಾಜಿಗೆ ಅಂಟಿಕೊಂಡಿರುತ್ತವೆ, ಕಣ್ಣಿಗೆ ಕಾಣುವುದಿಲ್ಲ. (ಹಳೇ ಪುಸ್ತಕಗಳು ನೈಟ್ರೈಟ್ ತಿನ್ನುವುದು ನೈಟ್ರೋಬ್ಯಾಕ್ಟರ್ ಅನ್ನುತ್ತವೆ. ಸಿಹಿನೀರಿನ ಅಕ್ವೇರಿಯಂಗಳಲ್ಲಿ ಆ ಕೆಲಸ ಮಾಡುವುದು ನೈಟ್ರೋಸ್ಪೈರಾ ಅಂತ 1998ರಲ್ಲಿ ಡಿಎನ್‌ಎ ಅಧ್ಯಯನದಿಂದ ಗೊತ್ತಾಯಿತು.)

ಈಗ ವೇಗ. ತೇಲುವವು ದೋಸೆ ಹಿಟ್ಟಿನ ಹಾಗೆ, ಒಂದೇ ರಾತ್ರಿಯಲ್ಲಿ ಉಕ್ಕುತ್ತವೆ. ಊಟ ಚೆನ್ನಾಗಿದ್ದರೆ ಅರ್ಧ ಗಂಟೆ, ಒಂದು ಗಂಟೆಗೆ ದುಪ್ಪಟ್ಟಾಗುತ್ತವೆ. ಅರ್ಧ ಗಂಟೆ ಅಂತಲೇ ಇಟ್ಟುಕೊಳ್ಳಿ. 10 ಗಂಟೆಯಲ್ಲಿ 20 ಸಲ ದುಪ್ಪಟ್ಟು. ಒಂದನ್ನು 20 ಸಲ ದುಪ್ಪಟ್ಟು ಮಾಡಿದರೆ 10 ಲಕ್ಷ ದಾಟುತ್ತದೆ. ಸೈಕಲ್ ಬ್ಯಾಕ್ಟೀರಿಯಾ ಒಂದು ಸಲ ದುಪ್ಪಟ್ಟಾಗಲು ಸುಮಾರು 15ರಿಂದ 24 ಗಂಟೆ ಬೇಕು. 20 ಗಂಟೆ ಅಂದುಕೊಂಡರೆ, ಅದೇ 20 ಸಲಕ್ಕೆ 400 ಗಂಟೆ, ಅಂದರೆ ಹತ್ತಿರ ಹತ್ತಿರ 17 ದಿನ. ಅದೂ ಅಮೋನಿಯಾ ಗುಂಪಿಗೆ ಮಾತ್ರ. ನೈಟ್ರೈಟ್ ಗುಂಪಿನ ಸರದಿ ಅದರ ಹಿಂದೆ. ಒಂದು ರಾತ್ರಿ ಒಂದು ಕಡೆ, 17 ದಿನ ಇನ್ನೊಂದು ಕಡೆ. ಈ ಲೆಕ್ಕವನ್ನು ನೋಟ್‌ಬುಕ್ಕಿನಲ್ಲಿ ಮಾಡಿದ ಮೇಲೆಯೇ ನನ್ನ ತಲೆಗೆ ಹೋಗಿದ್ದು. ಟ್ಯಾಂಕಿನಲ್ಲಿ ಲೆಕ್ಕ ಇಷ್ಟು ನೆಟ್ಟಗೆ ನಡೆಯಲ್ಲ, ಆದರೆ ಅಂತರ ಇದೇ ತರಹದ್ದು.

ಹಾಗಾದರೆ ಮಂಜು ಹೋಗಿದ್ದು ಯಾಕೆ? ಊಟ ಖಾಲಿಯಾಯಿತು, ಅಷ್ಟೇ. ನೀರು ತಿಳಿಯಾದದ್ದಕ್ಕೂ ಸೈಕಲ್‌ಗೂ ಸಂಬಂಧ ಇಲ್ಲ.

ನೀರು ಬದಲಿಸಿದರೆ ಯಾಕೆ ಹೋಗಲ್ಲ

ಇದಕ್ಕೂ ಅದೇ ಲೆಕ್ಕ. ನೂರಕ್ಕೆ 75 ಭಾಗ ನೀರು ತೆಗೆದೆ ಅಂದರೆ 75 ಭಾಗ ಬ್ಯಾಕ್ಟೀರಿಯಾ ಹೋಯಿತು, 25 ಉಳಿಯಿತು. 25 ದುಪ್ಪಟ್ಟಾದರೆ 50, ಇನ್ನೊಮ್ಮೆ ಆದರೆ 100. ಎರಡೇ ಹೆಜ್ಜೆ! ಊಟವಂತೂ ಜಲ್ಲಿ ಸಂದಿಯಲ್ಲಿ ಹಾಗೇ ಕೂತಿದೆ. ನೂರಕ್ಕೆ 90 ತೆಗೆದರೂ ಮೂರೂವರೆ ಹೆಜ್ಜೆಯ ಒಳಗೆ ಮೊದಲಿನಷ್ಟೇ ಆಗುತ್ತದೆ. ಮಧ್ಯಾಹ್ನದ ಫಳಫಳ ರಾತ್ರಿಗೆ ಗಂಜಿಯಾಗಿದ್ದು ಹೀಗೆ.

ತೆಗೆಯಬೇಕಾದ್ದು ನೀರನ್ನಲ್ಲ, ಊಟವನ್ನು. ತಳದಲ್ಲಿ ಬೂಷ್ಟು ಹಿಡಿದ ಆಹಾರವನ್ನು ಸಣ್ಣ ಪೈಪಿನಿಂದ ಎಳೆದು ತೆಗೆಯಿರಿ. ಹೊಸದಾಗಿ ಹಾಕಬೇಡಿ. ಏರ್ ಪಂಪ್ ಹಗಲು ರಾತ್ರಿ ಓಡಲಿ, ಯಾಕಂದರೆ ಇಷ್ಟೊಂದು ಬ್ಯಾಕ್ಟೀರಿಯಾ ನೀರಿನ ಆಮ್ಲಜನಕವನ್ನು ಎಳೆದುಕೊಳ್ಳುತ್ತದೆ. ಆಮೇಲೆ ಕೈಕಟ್ಟಿ ಕೂರಿ.

ಆದರೆ ಒಳಗೆ ಆಗಲೇ ಮೀನಿದ್ದರೆ ಮಾತು ಬೇರೆ. ಆಗ ಮಂಜಿಗೆ ಅಂತಲ್ಲ, ಅಮೋನಿಯಾಕ್ಕೆ ಅಂತ ನೀರು ಬದಲಿಸಲೇಬೇಕು. ಆಂಟಿ ಕ್ಲೋರಿನ್ ಹಾಕಿದ ನೀರಿನಿಂದ, ಕಾಲು ಭಾಗದಿಂದ ಅರ್ಧದಷ್ಟು, ಬೇಕಾದರೆ ದಿನಾ. ಸೈಕಲ್ ಬ್ಯಾಕ್ಟೀರಿಯಾ ಅಂಟಿಕೊಂಡಿರುವುದರಿಂದ ನೀರಿನ ಜೊತೆ ಹೋಗಲ್ಲ. ಮೀನು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದರೆ ಕಾಯಬೇಡಿ. ಪಿಎಚ್ ಕೂಡ ನೋಡಿ. 25 ಡಿಗ್ರಿಯಲ್ಲಿ ಪಿಎಚ್ 7 ಇದ್ದರೆ ಅಮೋನಿಯಾದಲ್ಲಿ ವಿಷದ ರೂಪ ನೂರಕ್ಕೆ ಸುಮಾರು 0.5ರಷ್ಟು, 8 ಇದ್ದರೆ ನೂರಕ್ಕೆ 5ರಷ್ಟು.

ಕೆಲವು ಬಿಡಿ ವಿಷಯ

ಅಮ್ಮ "ಸ್ಫಟಿಕ ಹಾಕೋ, ಬಾವಿ ನೀರಿಗೆ ಹಾಕ್ತಿದ್ವಲ್ಲ" ಅಂದಳು. ಸ್ಫಟಿಕ ಕದಡನ್ನು ತಳಕ್ಕೆ ಕೂರಿಸುತ್ತದೆ ನಿಜ, ಆದರೆ ನೀರಿನ ಕ್ಷಾರವನ್ನೂ ತಿಂದು ಪಿಎಚ್ ಇಳಿಸುತ್ತದೆ. ಸೈಕಲ್ ಬ್ಯಾಕ್ಟೀರಿಯಾಕ್ಕೆ ಆ ಕ್ಷಾರ ಬೇಕು. ಹಾಕಲಿಲ್ಲ. ಅಂಗಡಿಯಲ್ಲಿ ಕೊಡುವ ನೀಲಿ ಔಷಧಿ ಮೆಥಿಲೀನ್ ಬ್ಲೂ ಆಗಿದ್ದರೆ ಅದೂ ಈಗ ಬೇಡ, ಸೈಕಲ್‌ಗೆ ಅಡ್ಡಿ.

ಆಹಾರ ಕೊಳೆಸುವ ದಾರಿಯೇ ನನಗೀಗ ಇಷ್ಟವಿಲ್ಲ. 12ನೇ ದಿನದ 4 ಪಿಪಿಎಂ ಇಳಿದ ಮೇಲೆ ಅಮೋನಿಯಂ ಕ್ಲೋರೈಡ್‌ಗೆ ಬದಲಾದೆ. ಪಾತ್ರೆಗೆ ಕಲಾಯಿ ಹಾಕುವವರ ನವಸಾಗರ ಇದೇ. ಆದರೆ ಅದರಲ್ಲಿ ಇನ್ನೇನು ಬೆರೆತಿದೆಯೋ ಅಂತ ಲ್ಯಾಬ್ ಸಾಮಾನಿನ ಅಂಗಡಿಯಿಂದ ಶುದ್ಧವಾದದ್ದನ್ನು ತಂದೆ. ಕೊಳೆಯುವಂಥದ್ದು ಅದರಲ್ಲಿ ಏನೂ ಇಲ್ಲ, ಹಾಗಾಗಿ ತೇಲುವವಕ್ಕೆ ಊಟವಿಲ್ಲ. ಲೀಟರಿಗೆ 1 ಮಿಲಿಗ್ರಾಂ ಅಮೋನಿಯಾ ಬೇಕಾದರೆ ಸುಮಾರು 3.15 ಮಿಲಿಗ್ರಾಂ ಪುಡಿ ಬೇಕು. ನನ್ನ 50 ಲೀಟರಿಗೆ 2 ಪಿಪಿಎಂ ಅಂದರೆ 315 ಮಿಲಿಗ್ರಾಂ. ಮನೆ ತಕ್ಕಡಿ ಅಷ್ಟು ಸಣ್ಣದು ತೂಗಲ್ಲ. 6.3 ಗ್ರಾಂ ತೂಗಿ, ನೀರಿನಲ್ಲಿ ಕರಗಿಸಿ ಒಟ್ಟು 200 ಮಿಲೀ ಮಾಡಿ, 10 ಮಿಲೀ ಸಿರಿಂಜಿನಲ್ಲಿ ಹಾಕುತ್ತಿದ್ದೇನೆ. ಬಾಟಲಿ ಮೇಲೆ ದೊಡ್ಡದಾಗಿ ಹೆಸರು ಬರೆದು ಅಡುಗೆಮನೆಯಿಂದ ದೂರ ಇಡಿ.

ಪರಿಚಯದವರ ಮನೆಯಲ್ಲಿ ಆರೋಗ್ಯವಾಗಿರುವ ಹಳೇ ಟ್ಯಾಂಕ್ ಇದ್ದರೆ ಅದರ ಕೊಳಕು ಸ್ಪಂಜಿನ ಒಂದು ತುಂಡು ಕೇಳಿ, ಒಣಗಲು ಬಿಡದೆ ತಂದು ನಿಮ್ಮ ಫಿಲ್ಟರಿಗೆ ತುರುಕಿ. ಇದಕ್ಕಿಂತ ಒಳ್ಳೆ ಶಾರ್ಟ್‌ಕಟ್ ಇಲ್ಲ. ನನಗೆ ಸಿಕ್ಕಿದ್ದು 19ನೇ ದಿನ. ನೈಟ್ರೈಟ್ ಟೆಸ್ಟಿನಲ್ಲಿ ಮೊದಲ ನೇರಳೆ ಬಣ್ಣ ಕಂಡಿದ್ದು 21ನೇ ದಿನ.

2 ಪಿಪಿಎಂ ಹಾಕಿ 24 ಗಂಟೆಯಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಯಾದರೆ ಸೈಕಲ್ ಆದ ಹಾಗೆ. ನಿನ್ನೆ ಸಂಜೆ 7ಕ್ಕೆ 10 ಮಿಲೀ ಹಾಕಿದ್ದೆ. ಇವತ್ತು ಸಂಜೆ 7ಕ್ಕೆ ಅಮೋನಿಯಾ ಟ್ಯೂಬ್ ನಿಂಬೆ ಹಳದಿ, ಅಂದರೆ ಸೊನ್ನೆ. ನೈಟ್ರೈಟ್ ಟ್ಯೂಬ್ ಮಾತ್ರ (ಅದರಲ್ಲಿ ನೀಲಿ ಅಂದರೆ ಸೊನ್ನೆ) ನೀಲಿಯೂ ಅಲ್ಲ, ನೇರಳೆಯೂ ಅಲ್ಲ. ಕಿಟಕಿ ಹತ್ತಿರ ಹಿಡಿದು ಅಮ್ಮನಿಗೂ ತೋರಿಸಿದೆ. "ನೇರಳೇನೇ ಕಣೋ" ಅಂದಳು. ನಾಳೆ ಮತ್ತೆ 10 ಮಿಲೀ.